ಕಪ್ಪೆಗೆ ಗಾಯವಾದರೆ ಅರಿಸಿನ ಬೇಡ, ಒದ್ದೆ ಬಟ್ಟೆ ಸಾಕು

ನಾಲೆಗೆ ನೀರು ಬಿಟ್ಟು, ನಾಲ್ಕು ದಿನ ಬಿಡದೆ ಮಳೆ ಸುರಿಯಿತೆಂದರೆ ಶ್ರೀರಂಗಪಟ್ಟಣ, ಪಾಂಡವಪುರದ ಗದ್ದೆ ಬಯಲಿನಲ್ಲಿ ರಾತ್ರಿಯಿಡೀ ಕಪ್ಪೆಗಳದೇ ಸದ್ದು. ದಸರಾ ಬನ್ನಿಮಂಟಪವಿರುವ ಕಿರಂಗೂರಿನಂಥ ಊರಿನಲ್ಲಿ ಒಂದು ಕಡೆ ಗದ್ದೆ, ಇನ್ನೊಂದು ಕಡೆ ಬೆಂಗಳೂರು–ಮೈಸೂರು ಹೆದ್ದಾರಿ. ಹೀಗಾಗಿ ಕಪ್ಪೆಗಳಿಗೆ ಅಪಾಯವೂ ಹೆಚ್ಚು. ವಾಹನದ ಚಕ್ರ, ಟ್ರ್ಯಾಕ್ಟರಿನ ನೇಗಿಲು, ಬೆಕ್ಕಿನ ಹಲ್ಲು, ಕಾಗೆಯ ಕೊಕ್ಕು, ಪೈರಿಗೆ ಹೊಡೆದ ಔಷಧಿ ಎಲ್ಲವೂ ಅವುಗಳನ್ನು ಗಾಯಗೊಳಿಸುತ್ತವೆ ಅಥವಾ ಕಾಯಿಲೆಗೆ ಈಡುಮಾಡುತ್ತವೆ.

ಇಂಥ ಕಪ್ಪೆಯನ್ನು ಕಂಡರೆ ಮಕ್ಕಳ ಮನಸ್ಸು ಕರಗುತ್ತದೆ. ಊಟದ ಡಬ್ಬಿಯಲ್ಲೋ ಛತ್ರಿಯೊಳಗೋ ಇಟ್ಟುಕೊಂಡು ಮನೆಗೆ ತರುತ್ತಾರೆ. ದೊಡ್ಡವರು ಮನುಷ್ಯರ ಗಾಯಕ್ಕೆ ಮಾಡುವುದನ್ನೇ ಮಾಡುತ್ತಾರೆ. ಅರಿಸಿನದ ಪುಡಿ ಉದುರಿಸುತ್ತಾರೆ, ಟಿಂಚರ್ ಹಚ್ಚುತ್ತಾರೆ, ಡೆಟಾಲ್ ಬೆರೆಸಿದ ನೀರಿನಲ್ಲಿ ತೊಳೆಯುತ್ತಾರೆ. ಬೆಳಗಾಗುವಷ್ಟರಲ್ಲಿ ಕಪ್ಪೆ ಸತ್ತಿರುತ್ತದೆ. ಪೆಟ್ಟು ಬಲವಾಗಿತ್ತೆಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಎಷ್ಟೋ ಸಲ ಅದನ್ನು ಕೊಲ್ಲುವುದು ಪೆಟ್ಟಲ್ಲ, ಉಪಚಾರ. ಇದು ಏಕೆ, ಹಾಗಾದರೆ ಮಾಡಬೇಕಾದದ್ದೇನು ಎಂಬುದನ್ನು ಈ ವಾರ ತಿಳಿಯೋಣ.

ಚರ್ಮವೇ ಬಾಯಿ, ಚರ್ಮವೇ ಮೂಗು

ಕಪ್ಪೆ ಬಾಯಿಯಿಂದ ನೀರು ಕುಡಿಯುವುದಿಲ್ಲ. ಒದ್ದೆ ನೆಲದ ಮೇಲೆ ಕುಳಿತು ಹೊಟ್ಟೆಯ ಕೆಳಭಾಗದ ಮತ್ತು ತೊಡೆಯ ತೆಳು ಚರ್ಮದ ಮೂಲಕ ನೀರನ್ನು ಹೀರಿಕೊಳ್ಳುತ್ತದೆ. ಶ್ವಾಸಕೋಶವಿದ್ದರೂ ಉಸಿರಾಟದ ಒಂದು ಪಾಲು ಚರ್ಮದ ಮೂಲಕವೇ ನಡೆಯುತ್ತದೆ. ಚರ್ಮ ಒದ್ದೆಯಾಗಿದ್ದರೆ ಮಾತ್ರ ಈ ಕೆಲಸ ಸಾಧ್ಯ. ರಕ್ತದಲ್ಲಿರುವ ಲವಣಗಳ ಪ್ರಮಾಣವನ್ನು ಕಾಯ್ದುಕೊಳ್ಳಲೂ ಚರ್ಮವೇ ನೆರವಾಗುತ್ತದೆ.

ಆದ್ದರಿಂದ ಕಪ್ಪೆಯ ಮೈಮೇಲೆ ಹಚ್ಚಿದ್ದು ಹೊರಗೇ ಉಳಿಯುವುದಿಲ್ಲ, ಒಳಕ್ಕೆ ಇಳಿಯುತ್ತದೆ. ನಮ್ಮ ಕೈಗೆ ಹಚ್ಚಿದ ಮುಲಾಮು ಕೈಮೇಲಿರುತ್ತದೆ. ಕಪ್ಪೆಗೆ ಹಚ್ಚಿದ ಮುಲಾಮು ಅದಕ್ಕೆ ಕುಡಿಸಿದಂತೆಯೇ ಸರಿ. ಫಿನಾಯಿಲ್, ಡೆಟಾಲ್‌ನಂಥ ದ್ರಾವಣಗಳು ಅದಕ್ಕೆ ವಿಷ. ಟಿಂಚರಿನಲ್ಲಿರುವ ಮದ್ಯಸಾರ ಚರ್ಮವನ್ನು ಸುಡುತ್ತದೆ. ಉಪ್ಪು ಮತ್ತು ಒಣ ಪುಡಿಗಳು ಮೈಯ ತೇವವನ್ನು ಹೀರುತ್ತವೆ. ಅರಿಸಿನ ನಮಗೆ ಎಷ್ಟೇ ಒಳ್ಳೆಯದಾದರೂ ಕಪ್ಪೆಯ ಒದ್ದೆ ಚರ್ಮಕ್ಕೆ ಅಂಟಿಕೊಂಡ ಪುಡಿ ಒಂದು ಹೊರೆಯೇ. ನೋವು ಕಡಿಮೆ ಮಾಡುವ ಔಷಧ ಬೆರೆತ ಮುಲಾಮುಗಳು ಎಲ್ಲಕ್ಕಿಂತ ಅಪಾಯಕಾರಿ. ಮರಗಟ್ಟಿಸುವ ಬೆಂಜೊಕೇನ್ ಎಂಬ ಔಷಧ ಚರ್ಮದ ಮೂಲಕ ಹೊಕ್ಕು ಕಪ್ಪೆಯ ಪ್ರಾಣವನ್ನೇ ತೆಗೆಯಬಲ್ಲದು.

ಕಾಯಿಲೆಯೋ, ಸಹಜವೋ?

ಉಪಚಾರಕ್ಕೆ ಕೈಹಾಕುವ ಮೊದಲು ಕಪ್ಪೆಗೆ ನಿಜವಾಗಿಯೂ ಕಾಯಿಲೆ ಇದೆಯೇ ಎಂದು ನೋಡಬೇಕು. ಅನೇಕ ಸಲ ಆರೋಗ್ಯವಾಗಿರುವ ಕಪ್ಪೆಯನ್ನೇ ರೋಗಿಯೆಂದು ತಿಳಿದು ಮನೆಗೆ ತರಲಾಗುತ್ತದೆ.

ಮೈಯೆಲ್ಲ ನಿಂಬೆಹಣ್ಣಿನಂತೆ ಹಳದಿಯಾದ ದೊಡ್ಡ ಕಪ್ಪೆಗಳು ಮಳೆ ಬಿದ್ದ ಮರುದಿನ ಗದ್ದೆಯಲ್ಲಿ ಕಾಣುವುದುಂಟು. ಇದು ಕಾಮಾಲೆಯಲ್ಲ. ನಮ್ಮ ಗೂಳಿಗಪ್ಪೆಯ ಗಂಡು, ಹೆಣ್ಣನ್ನು ಕರೆಯುವ ಕಾಲದಲ್ಲಿ ಈ ಬಣ್ಣ ತಾಳುತ್ತದೆ. ಕೂಗುವಾಗ ಗಂಟಲಿನ ಎರಡೂ ಪಕ್ಕ ನೀಲಿ ಚೀಲಗಳು ಉಬ್ಬುತ್ತವೆ. ಅವು ಬಾವುಗಳಲ್ಲ. ಮಳೆಗಾಲದಲ್ಲಿ ಹೊಟ್ಟೆ ದಪ್ಪಗಿರುವ ಹೆಣ್ಣುಕಪ್ಪೆಯ ಒಡಲಲ್ಲಿ ಮೊಟ್ಟೆಗಳಿರಬಹುದು.

ನಾಗಮಂಗಲದ ಕಡೆಯ ಒಣ ಹೊಲಗಳಲ್ಲಿ ಬೇಸಿಗೆಯ ಉಳುಮೆ ಮಾಡುವಾಗ ಮಣ್ಣಿನೊಳಗಿಂದ ಮುದುಡಿಕೊಂಡ, ಸತ್ತಂತೆ ಕಾಣುವ ಕಪ್ಪೆಗಳು ಸಿಗುವುದುಂಟು. ಬಿಲ ತೋಡುವ ಕಪ್ಪೆಗಳು ಬಿಸಿಲುಗಾಲವನ್ನು ನೆಲದೊಳಗೆ ಹೀಗೆಯೇ ನಿದ್ದೆಯಲ್ಲಿ ಕಳೆಯುತ್ತವೆ. ಈ ಗುಂಪಿನ ಒಂದು ಹೊಸ ಜಾತಿಯನ್ನು 2020ರಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಗುರುತಿಸಿ ಅದಕ್ಕೆ ಬೆಂಗಳೂರಿನ ಹೆಸರನ್ನೇ ಇಟ್ಟಿದ್ದಾರೆ. ಅಂಥ ಕಪ್ಪೆ ಸಿಕ್ಕರೆ ಮನೆಗೆ ತರಬೇಡಿರಿ. ಬದುವಿನ ನೆರಳಿನಲ್ಲಿ ಸಡಿಲ ತೇವದ ಮಣ್ಣು ಕೆದಕಿ ಅದರೊಳಗೆ ಇಟ್ಟುಬಿಡಿರಿ.

ಕಪ್ಪೆ ಆಗಾಗ ಪೊರೆ ಬಿಡುತ್ತದೆ. ಆಗ ಬಾಯಿ ತೆರೆದು ಮುಚ್ಚಿ, ಕಾಲಿನಿಂದ ಮೈ ಉಜ್ಜಿ, ತನ್ನ ಪೊರೆಯನ್ನು ತಾನೇ ನುಂಗುತ್ತದೆ. ನುಂಗುವಾಗ ಕಣ್ಣುಗಳು ಒಳಕ್ಕೆ ಹೋಗುವುದೂ ಸಹಜವೇ. ಆಹಾರವನ್ನು ಗಂಟಲಿಗೆ ತಳ್ಳಲು ಕಣ್ಣುಗುಡ್ಡೆಗಳೂ ನೆರವಾಗುತ್ತವೆ.

ಹಾಗಾದರೆ ಕಾಯಿಲೆಯ ಗುರುತೇನು? ಒಂದು ಸರಳ ಪರೀಕ್ಷೆ ಇದೆ. ಮೈಮೇಲೆ ಗಾಯವಾಗಲಿ, ಕಾಲು ಮುರಿದ ಗುರುತಾಗಲಿ ಇಲ್ಲದ ಕಪ್ಪೆಯನ್ನು ಒದ್ದೆ ಕೈಯಿಂದ ಮೆಲ್ಲಗೆ ಅಂಗಾತ ಮಲಗಿಸಿರಿ. ಆರೋಗ್ಯವಾಗಿದ್ದರೆ ತಟ್ಟನೆ ಮಗುಚಿಕೊಳ್ಳುತ್ತದೆ. ಮಗುಚಿಕೊಳ್ಳದಿದ್ದರೆ ಸ್ಥಿತಿ ಚಿಂತಾಜನಕವೆಂದೇ ತಿಳಿಯಿರಿ. ಹಗಲು ಹೊತ್ತು ಬಯಲಿನಲ್ಲಿ ಸುಮ್ಮನೆ ಕುಳಿತಿರುವುದು, ಹತ್ತಿರ ಹೋದರೂ ನೆಗೆಯದಿರುವುದು, ಕಾಲು ಸೆಳೆತ, ಹೊಟ್ಟೆ ಮತ್ತು ತೊಡೆಯ ಮೇಲೆ ಕೆಂಪು ಕಲೆಗಳು, ಮೈ ಊತ ಇವೆಲ್ಲ ಕಾಯಿಲೆಯ ಲಕ್ಷಣಗಳು.

ಪ್ರಥಮ ಚಿಕಿತ್ಸೆ ಹೀಗೆ

ಕೈ: ಸೋಪು, ಎಣ್ಣೆ, ಸೊಳ್ಳೆ ಮುಲಾಮು ಯಾವುದೂ ಇಲ್ಲದಂತೆ ಕೈಯನ್ನು ಬರೀ ನೀರಿನಲ್ಲಿ ಚೆನ್ನಾಗಿ ತೊಳೆದು, ಒದ್ದೆಯಾಗಿರುವಾಗಲೇ ಕಪ್ಪೆಯನ್ನು ಎತ್ತಿರಿ. ಒಣಗಿದ ಕೈ ಅದರ ಮೈಮೇಲಿನ ಲೋಳೆಯನ್ನು ಕಿತ್ತು ತೆಗೆಯುತ್ತದೆ. ಆ ಲೋಳೆ ಅದಕ್ಕೆ ರಕ್ಷಣೆ. ನಿಮ್ಮ ಕೈಯಲ್ಲಿ ಗಾಯವಿದ್ದರೆ ನೀರಿನಲ್ಲಿ ಅದ್ದಿದ ಪ್ಲಾಸ್ಟಿಕ್ ಚೀಲವನ್ನು ಕೈಗೆ ಹಾಕಿಕೊಳ್ಳಿರಿ.

ಇಡುವ ಜಾಗ: ಮುಚ್ಚಳದಲ್ಲಿ ತೂತುಗಳಿರುವ ಪ್ಲಾಸ್ಟಿಕ್ ಡಬ್ಬ ಸಾಕು. ತಳಕ್ಕೆ ಒದ್ದೆ ಮಾಡಿ ಹಿಂಡಿದ ಹಳೆಯ ಬಿಳಿ ಹತ್ತಿಬಟ್ಟೆ ಹಾಸಿರಿ. ಅಡಗಿಕೊಳ್ಳಲು ಇನ್ನೊಂದು ಒದ್ದೆ ಬಟ್ಟೆಯನ್ನು ಸಡಿಲವಾಗಿ ಮೇಲೆ ಬಿಡಿರಿ. ಡಬ್ಬಕ್ಕೆ ನೀರು ತುಂಬಬೇಡಿರಿ. ಬಳಲಿದ ಕಪ್ಪೆ ನೀರಿನಲ್ಲಿ ಮುಳುಗಿ ಸಾಯಬಲ್ಲದು. ಬಟ್ಟೆಯನ್ನು ದಿನಕ್ಕೆ ಎರಡು ಸಲ ಬದಲಿಸಿರಿ. ಸೋಪಿನ ಪುಡಿಯ ವಾಸನೆ ಇರುವ ಬಟ್ಟೆ ಬೇಡ.

ನೀರು: ಮಳೆನೀರು ಅಥವಾ ಬಾವಿಯ ನೀರು ಉತ್ತಮ. ನಲ್ಲಿಯ ನೀರಿಗೆ ಕ್ಲೋರಿನ್ ಬೆರೆಸಿರುತ್ತಾರೆ. ಅಗಲವಾದ ಪಾತ್ರೆಯಲ್ಲಿ 24 ಗಂಟೆ ತೆರೆದಿಟ್ಟರೆ ಸಾಮಾನ್ಯವಾಗಿ ಕ್ಲೋರಿನ್ ಹೊರಟುಹೋಗುತ್ತದೆ. ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರು ಬೇಡ. ಅದರಲ್ಲಿ ಲವಣಗಳಿಲ್ಲದ ಕಾರಣ ಕಪ್ಪೆಯ ಮೈಯ ಲವಣ ಹೊರಹೋಗುತ್ತದೆ.

ನೆರಳು ಮತ್ತು ಮೌನ: ಶೃಂಗೇರಿಯ ತುಂಗಾ ತೀರದಲ್ಲಿ ಕಪ್ಪೆ ಶಂಕರ ಎಂಬ ಜಾಗವನ್ನು ನೋಡಿದವರಿಗೆ ಅಲ್ಲಿನ ಐತಿಹ್ಯ ನೆನಪಿರಬಹುದು. ಉರಿಬಿಸಿಲಿನಲ್ಲಿ ಬಳಲುತ್ತಿದ್ದ ಬಸುರಿ ಕಪ್ಪೆಗೆ ಹಾವೊಂದು ಹೆಡೆ ಬಿಚ್ಚಿ ನೆರಳು ನೀಡಿತಂತೆ. ಕಪ್ಪೆಗೆ ಮೊದಲು ಬೇಕಾದುದೂ ಅದೇ, ನೆರಳು. ಅದರ ಮೈಯ ಬಿಸಿ ಸುತ್ತಲಿನ ಬಿಸಿಯನ್ನು ಅವಲಂಬಿಸಿರುತ್ತದೆ. ಬಿಸಿಲಿಗೆ ಇಟ್ಟರೆ ಸ್ವಲ್ಪ ಹೊತ್ತಿನಲ್ಲೇ ಒಣಗುತ್ತದೆ. ಫ್ರಿಜ್‌ನಲ್ಲಿ ಇಟ್ಟರೆ ಚಳಿಗೆ ಸೆಟೆಯುತ್ತದೆ. ಬಚ್ಚಲಿನ ತಂಪಾದ ಮೂಲೆ ಅಥವಾ ಕೋಣೆಯ ಕತ್ತಲ ಭಾಗ ಸೂಕ್ತ. ಗಳಿಗೆಗೊಮ್ಮೆ ಮುಚ್ಚಳ ತೆಗೆದು ನೋಡದಂತೆ ಮಕ್ಕಳಿಗೆ ತಿಳಿಹೇಳಿರಿ.

ಆಹಾರ: ಮೊದಲ ದಿನ ಏನನ್ನೂ ಕೊಡಬೇಕಾಗಿಲ್ಲ. ಬೆಳೆದ ಕಪ್ಪೆ ಕೆಲವು ದಿನ ಉಪವಾಸವಿದ್ದರೂ ತೊಂದರೆಯಿಲ್ಲ. ಅನ್ನ, ಹಾಲು, ಮುದ್ದೆ ಅದರ ಆಹಾರವಲ್ಲ. ಬಾಯಿ ಬಿಡಿಸಿ ತುರುಕಲೂಬಾರದು. ಚೇತರಿಸಿಕೊಂಡರೆ ಜೀವಂತ ಎರೆಹುಳು ಅಥವಾ ಮಿಡತೆ ಬಿಡಬಹುದು. ಔಷಧಿ ಹೊಡೆದ ಜಾಗದಿಂದ ಹುಳು ತರಬೇಡಿರಿ.

ಗಾಯದ ಬಗೆ ನೋಡಿ ಉಪಚಾರ

ಸಣ್ಣ ತರಚು ಗಾಯಕ್ಕೆ ಶುದ್ಧ ನೀರನ್ನು ಮೆಲ್ಲಗೆ ಹನಿಸಿ ಮಣ್ಣು ತೊಳೆದು, ಒದ್ದೆ ಬಟ್ಟೆಯ ಮೇಲೆ ವಿಶ್ರಾಂತಿಗೆ ಬಿಟ್ಟರೆ ಸಾಕು. ನೀರು ಮತ್ತು ಬಟ್ಟೆ ಶುಚಿಯಾಗಿದ್ದರೆ ಇಂಥ ಗಾಯಗಳು ತಾವಾಗಿ ಮಾಯುತ್ತವೆ.

ಬೆಕ್ಕು ಕಚ್ಚಿದ್ದರೆ ಹಾಗಲ್ಲ. ಹೊರಗೆ ಸೂಜಿಮೊನೆಯಷ್ಟೇ ತೂತು ಕಾಣಬಹುದು. ಒಳಗೆ ಬೆಕ್ಕಿನ ಬಾಯಿಯ ರೋಗಾಣುಗಳು ಸೇರಿರುತ್ತವೆ. ಅಂದೇ ಪಶುವೈದ್ಯರಿಗೆ ತೋರಿಸಬೇಕು.

ಕಾಲು ಮುರಿದು ಜೋತಾಡುತ್ತಿದ್ದರೆ ಕಡ್ಡಿ ಇಟ್ಟು ದಾರ ಕಟ್ಟಬೇಡಿರಿ. ದಾರ ತೆಳು ಚರ್ಮವನ್ನು ಕೊಯ್ಯುತ್ತದೆ. ಓಡಾಡಲು ಆಸ್ಪದವಿಲ್ಲದ ಸಣ್ಣ ಡಬ್ಬದಲ್ಲಿಟ್ಟು ವೈದ್ಯರಲ್ಲಿಗೆ ಒಯ್ಯಿರಿ. ಹಲ್ಲಿಯ ಬಾಲದಂತೆ ಕಪ್ಪೆಯ ಕಾಲೂ ಮತ್ತೆ ಬೆಳೆಯುತ್ತದೆಂದು ಕೆಲವರು ತಿಳಿದಿದ್ದಾರೆ. ಗೊದಮೊಟ್ಟೆಯ ಎಳೆಯ ಹಂತದಲ್ಲಿ ಕಾಲು ಮತ್ತೆ ಮೂಡಬಲ್ಲದು. ಬೆಳೆದ ಕಪ್ಪೆಗೆ ಆ ಶಕ್ತಿಯಿಲ್ಲ.

ಮೀನಿನ ಬಲೆಯ ನೈಲಾನ್ ದಾರ ಸುತ್ತಿಕೊಂಡಿದ್ದರೆ ಎಳೆಯದೆ, ಸಣ್ಣ ಕತ್ತರಿಯಿಂದ ಎಳೆಎಳೆಯಾಗಿ ಕತ್ತರಿಸಿರಿ. ಗಾಳ ಚುಚ್ಚಿದ್ದರೆ ಕೀಳಬೇಡಿರಿ, ವೈದ್ಯರೇ ತೆಗೆಯಲಿ.

ಬಾವಿ, ನೀರಿನ ತೊಟ್ಟಿ, ಸಂಪಿನೊಳಗೆ ಬಿದ್ದ ಕಪ್ಪೆ ಹತ್ತಲು ಜಾಗವಿಲ್ಲದೆ ಈಜಿ ಈಜಿ ಸುಸ್ತಾಗಿ ಸಾಯುತ್ತದೆ. ತೊಟ್ಟಿಯಲ್ಲಿ ಒಂದು ಮರದ ಹಲಗೆಯನ್ನು ಓರೆಯಾಗಿ ಇಟ್ಟರೆ ತಾನೇ ಹತ್ತಿ ಬರುತ್ತದೆ. ಇದು ಯಾವ ಚಿಕಿತ್ಸೆಗಿಂತಲೂ ಅಗ್ಗ.

ಪೈರಿಗೆ ಔಷಧಿ ಹೊಡೆದ ಬಳಿಕ ಸಿಕ್ಕ ಕಪ್ಪೆ ಸೆಳೆತದಿಂದ ನಡುಗುತ್ತಿದ್ದರೆ ವಿಷವೇರಿದೆಯೆಂದು ತಿಳಿಯಿರಿ. ನೀವು ಮೊದಲು ರಬ್ಬರ್ ಗವಸು ಹಾಕಿಕೊಳ್ಳಿರಿ. ಶುದ್ಧ ನೀರನ್ನು ಮತ್ತೆ ಮತ್ತೆ ಬದಲಿಸುತ್ತ ಕಪ್ಪೆಯ ಮೈ ತೊಳೆಯಿರಿ. ಮೂಗು ನೀರಿನ ಮೇಲಿರಲಿ. ವೈದ್ಯರಲ್ಲಿಗೆ ಹೋಗುವಾಗ ಆ ಔಷಧಿಯ ಹೆಸರನ್ನು ಬರೆದುಕೊಂಡು ಹೋಗಿರಿ. ಕಪ್ಪೆಗೆ ವಿಷವೇರಿದ ಜಾಗದಲ್ಲಿ ಮಕ್ಕಳು ಬರಿಗಾಲಲ್ಲಿ ಆಡದಂತೆ ನೋಡಿಕೊಳ್ಳುವುದೂ ಮುಖ್ಯ.

ಕೂಡಿಟ್ಟ ಕಪ್ಪೆಗಳ ಕಾಯಿಲೆಗಳು

ನಗರಗಳಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ವಿದೇಶಿ ಕಪ್ಪೆಗಳನ್ನು ಸಾಕುವವರಿದ್ದಾರೆ. ಇಲ್ಲಿ ಕಾಣುವ ಕಾಯಿಲೆಗಳಲ್ಲಿ ಹೆಚ್ಚಿನವು ನೀರು ಮತ್ತು ಆಹಾರದ ದೋಷದಿಂದಲೇ ಬರುವಂಥವು.

ಕೆಂಪುಕಾಲು ರೋಗ: ಹೊಟ್ಟೆಯ ಕೆಳಗೆ, ತೊಡೆಯ ಒಳಗೆ ರಕ್ತ ಚಿಮ್ಮಿದಂತೆ ಕೆಂಪಾಗುತ್ತದೆ. ಏರೋಮೊನಾಸ್‌ನಂಥ ಬ್ಯಾಕ್ಟೀರಿಯಾಗಳು ರಕ್ತಕ್ಕೆ ಸೇರುವುದರಿಂದ ಹೀಗಾಗುತ್ತದೆ. ಕೊಳಕು ನೀರು, ಕಿಕ್ಕಿರಿದ ಜಾಗ ಇದಕ್ಕೆ ದಾರಿ. ರೋಗದ ಕಪ್ಪೆಯನ್ನು ಕೂಡಲೇ ಬೇರೆ ಇಡಬೇಕು. ತಡಮಾಡಿದರೆ ಬದುಕುವುದು ಕಷ್ಟ.

ಶಿಲೀಂಧ್ರ ರೋಗ: ಕೈಟ್ರಿಡ್ ಎಂಬ ಈ ಶಿಲೀಂಧ್ರವನ್ನು 1998–99ರಲ್ಲಿ ವಿಜ್ಞಾನಿಗಳು ಗುರುತಿಸಿದರು. ಕಪ್ಪೆ ಮಂಕಾಗಿ, ಪೊರೆ ಪದೇ ಪದೇ ಸುಲಿಯುತ್ತದೆ. ಚರ್ಮ ಕೆಟ್ಟು ರಕ್ತದ ಸೋಡಿಯಂ, ಪೊಟ್ಯಾಸಿಯಂ ಕುಸಿಯುತ್ತವೆ. ಕೊನೆಗೆ ಹೃದಯವೇ ನಿಲ್ಲುತ್ತದೆ. ಚರ್ಮದ ರೋಗವೊಂದು ಹೃದಯವನ್ನು ನಿಲ್ಲಿಸುತ್ತದೆಂದರೆ ಕಪ್ಪೆಗೆ ಚರ್ಮ ಎಷ್ಟು ಮುಖ್ಯವೆಂದು ಊಹಿಸಿರಿ. ಈ ರೋಗದಿಂದ ಜಗತ್ತಿನಲ್ಲಿ ಕಪ್ಪೆ ಮತ್ತು ಅದರ ಬಳಗದ ಕನಿಷ್ಠ 501 ಜಾತಿಗಳು ಕುಸಿದಿವೆ, ಅವುಗಳಲ್ಲಿ 90 ಅಳಿದೇ ಹೋಗಿರಬಹುದು ಎಂದು 2019ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ. ನಮ್ಮ ಪಶ್ಚಿಮಘಟ್ಟದ ಕಪ್ಪೆಗಳಲ್ಲೂ ಈ ಶಿಲೀಂಧ್ರ ಪತ್ತೆಯಾಗಿದೆ.

ಮೂಳೆ ಮೆದುವಾಗುವುದು: ದಿನವೂ ಒಂದೇ ಬಗೆಯ ಹುಳು ತಿನ್ನಿಸಿದರೆ ಕ್ಯಾಲ್ಸಿಯಂ ಸಾಲದೆ ದವಡೆ ರಬ್ಬರಿನಂತಾಗುತ್ತದೆ, ಬೆನ್ನು ಬಾಗುತ್ತದೆ. ಹುಳುಗಳಿಗೆ ಕ್ಯಾಲ್ಸಿಯಂ ಪುಡಿ ಸವರಿ ಕೊಡುವುದು ವಾಡಿಕೆ. ಪ್ರಮಾಣವನ್ನು ವೈದ್ಯರೇ ಹೇಳಬೇಕು. ಎ ಜೀವಸತ್ವದ ಕೊರತೆಯಾದರೆ ನಾಲಿಗೆಯ ಅಂಟು ಕುಂದಿ, ಕಪ್ಪೆ ಹುಳುವಿನತ್ತ ನೆಗೆದರೂ ಹಿಡಿಯಲಾರದೆ ಸೊರಗುತ್ತದೆ.

ಮೈ ಊದಿಕೊಳ್ಳುವುದು: ಮೈ ನೀರು ತುಂಬಿದ ಚೀಲದಂತಾಗುತ್ತದೆ. ಮೂತ್ರಪಿಂಡದ ದೋಷ, ಸೋಂಕು ಮುಂತಾದ ಹಲವು ಕಾರಣಗಳಿರಬಹುದು. ಮನೆಯಲ್ಲಿ ಚುಚ್ಚಿ ನೀರು ತೆಗೆಯುವ ಸಾಹಸ ಮಾಡಬಾರದು.

ಕರುಳು ಹೊರಬರುವುದು: ಗುದದ್ವಾರದಿಂದ ಕೆಂಪು ಮಾಂಸ ಹೊರಬಂದಿದ್ದರೆ ಅದು ಒಣಗದಂತೆ ಒದ್ದೆ ಬಟ್ಟೆಯ ಮೇಲಿಟ್ಟು ಆ ಗಂಟೆಯಲ್ಲೇ ವೈದ್ಯರಲ್ಲಿಗೆ ಒಯ್ಯಬೇಕು.

ವೈದ್ಯರು ಏನು ಮಾಡುತ್ತಾರೆ?

ಮನೆಗೆ ಬರುವ ಮರಗಪ್ಪೆಯ ತೂಕ ಹಲವೊಮ್ಮೆ 20 ಗ್ರಾಂ ಕೂಡ ಇರುವುದಿಲ್ಲ. ಮನುಷ್ಯನ ತೂಕ 60 ಕಿಲೋ ಎಂದಿಟ್ಟುಕೊಂಡರೆ ಅದರ ಮೂರು ಸಾವಿರ ಪಾಲು ಹೆಚ್ಚು. ಮಾತ್ರೆಯನ್ನು ಕಾಲುಭಾಗ ಮಾಡಿ ಅರೆದು ಹಾಕಿದರೂ ಅದು ಎಷ್ಟು ಮಿತಿಮೀರಿದ ಪ್ರಮಾಣವೆಂದು ನೀವೇ ಲೆಕ್ಕ ಹಾಕಿರಿ. ವೈದ್ಯರು ಮೊದಲು ಕಪ್ಪೆಯನ್ನು ತೂಗುತ್ತಾರೆ. ಔಷಧವನ್ನು ತೆಳುಗೊಳಿಸಿ ಹನಿಯಾಗಿ ಮೈಮೇಲೆ ಬಿಡುವುದುಂಟು. ಇಲ್ಲವೇ ಔಷಧ ಬೆರೆಸಿದ ನೀರಿನಲ್ಲಿ ಕೆಲವು ನಿಮಿಷ ಕೂರಿಸುವುದುಂಟು. ಶಸ್ತ್ರಚಿಕಿತ್ಸೆಗೆ ಮೊದಲು ಎಚ್ಚರ ತಪ್ಪಿಸುವುದು ಕೂಡ ಹೀಗೆಯೇ ನೀರಿನ ಮೂಲಕ. ಅಪಾಯಕ್ಕೆ ದಾರಿಯಾದ ಚರ್ಮವೇ ಸರಿಯಾದ ಅಳತೆಯಲ್ಲಿ ಔಷಧಕ್ಕೂ ದಾರಿಯಾಗುತ್ತದೆ. ನಮಗೆ ಏರಿಸುವ ಗ್ಲೂಕೋಸ್, ಸಲೈನುಗಳನ್ನೂ ಹಾಗೆಯೇ ಬಳಸುವಂತಿಲ್ಲ. ನಮ್ಮ ಸಲೈನಿನಲ್ಲಿ ಉಪ್ಪು ಶೇಕಡ 0.9ರಷ್ಟು, ಕಪ್ಪೆಯ ಮೈಗೆ ಹೊಂದುವುದು ಸುಮಾರು 0.6.

ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ಹೆಚ್ಚಾಗಿ ದನಕರು, ಕುರಿ, ನಾಯಿಗಳಿಗೇ ಚಿಕಿತ್ಸೆ. ಹಾಗೆಂದು ಸಂಕೋಚಪಡಬೇಕಾಗಿಲ್ಲ. ವನ್ಯಜೀವಿ ಅಥವಾ ಸಾಕುಪ್ರಾಣಿಗಳ ಅನುಭವವಿರುವ ವೈದ್ಯರು ಎಲ್ಲಿದ್ದಾರೆಂದು ಅಲ್ಲಿಯೇ ವಿಚಾರಿಸಬಹುದು. ಉಳಿಯುವ ಭರವಸೆಯಿಲ್ಲದಷ್ಟು ಜಜ್ಜಿಹೋದ ಕಪ್ಪೆಗೆ ನೋವಿಲ್ಲದ ಸಾವನ್ನು ನೀಡಲು ಅವರಿಗೆ ಗೊತ್ತಿದೆ. ಮಕ್ಕಳಿಗೆ ಆ ಮಾತನ್ನು ಮುಚ್ಚಿಡದೆ ಸಮಾಧಾನದಿಂದ ಹೇಳುವುದು ಒಳ್ಳೆಯದು.

ನಿಮ್ಮ ಮನೆಯವರ ಆರೋಗ್ಯ

ಕಪ್ಪೆ ಮುಟ್ಟಿದರೆ ನರಹುಲಿ ಏಳುತ್ತದೆಂಬ ಮಾತು ನಿಜವಲ್ಲ. ನರಹುಲಿ ಬರುವುದು ಮನುಷ್ಯರಿಂದ ಮನುಷ್ಯರಿಗೆ ಹರಡುವ ವೈರಸ್ಸಿನಿಂದ. ಆದರೆ ಕಪ್ಪೆಯ ಮೈಯಲ್ಲಿ ಸಾಲ್ಮೊನೆಲ್ಲ ಎಂಬ ಬ್ಯಾಕ್ಟೀರಿಯಾ ಇರಬಹುದು. ಅದು ಮನುಷ್ಯರಲ್ಲಿ ಭೇದಿ, ಜ್ವರ ತರುತ್ತದೆ. ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ಕಪ್ಪೆಯನ್ನು ಮುಟ್ಟದಿರುವುದೇ ಲೇಸು. ಮುಟ್ಟಿದವರು ಆಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಮುಟ್ಟುವ ಮೊದಲು ಸೋಪು ಬೇಡ, ಮುಟ್ಟಿದ ಮೇಲೆ ಸೋಪು ಬೇಕೇ ಬೇಕು ಎಂಬುದನ್ನು ಮರೆಯದಿರಿ. ಕಪ್ಪೆಗೆ ಬಳಸಿದ ಡಬ್ಬ, ಬಟ್ಟೆಗಳನ್ನು ಅಡಿಗೆಮನೆಗೆ ತರಬೇಡಿರಿ. ಆ ನೀರನ್ನು ಪಾತ್ರೆ ತೊಳೆಯುವ ಕಡೆ ಚೆಲ್ಲಬೇಡಿರಿ.

ಮೈಯೆಲ್ಲ ಗಂಟುಗಂಟಾಗಿರುವ ನೆಲಗಪ್ಪೆಯ ಕಣ್ಣಿನ ಹಿಂದೆ ಎರಡು ಉಬ್ಬಿದ ಗ್ರಂಥಿಗಳಿವೆ. ಹೆದರಿದಾಗ ಅವುಗಳಿಂದ ಹಾಲಿನಂಥ ವಿಷದ್ರವ ಒಸರುತ್ತದೆ. ಕೈಗೆ ತಗಲಿದರೆ ತೊಳೆದುಕೊಂಡರಾಯಿತು. ಆ ಕೈಯಿಂದ ಕಣ್ಣುಜ್ಜಿದರೆ ಉರಿಯೇಳುತ್ತದೆ. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ನೀರಿನಲ್ಲಿ ತೊಳೆದು ವೈದ್ಯರಿಗೆ ತೋರಿಸಿರಿ. ನಾಯಿ ಅದನ್ನು ಕಚ್ಚಿ ಜೊಲ್ಲು ಸುರಿಸುತ್ತಿದ್ದರೆ ಒದ್ದೆ ಬಟ್ಟೆಯಿಂದ ಬಾಯಿ ಒರೆಸಿ ಪಶುವೈದ್ಯರಲ್ಲಿಗೆ ಒಯ್ಯಿರಿ.

ಗುಣವಾದ ಮೇಲೆ

ಗದ್ದೆಯ ಕಪ್ಪೆ ಸಾಕುಪ್ರಾಣಿಯಲ್ಲ, ವನ್ಯಜೀವಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕೂ ಇದೆ. ಗಾಯಗೊಂಡದ್ದನ್ನು ಉಪಚರಿಸುವುದು ಬೇರೆ, ಹಿಡಿದು ಮನೆಯಲ್ಲಿ ಇಟ್ಟುಕೊಳ್ಳುವುದು ಬೇರೆ. ಹೆಚ್ಚು ದಿನದ ಆರೈಕೆ ಬೇಕೆಂದು ಕಂಡರೆ ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ಅಂದೇ ತಿಳಿಸಿರಿ. ವಿದೇಶಿ ಜಾತಿಯನ್ನು ಸಾಕುವವರು, ಅದು ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದ್ದರೆ, ಸರ್ಕಾರದಲ್ಲಿ ನೋಂದಾಯಿಸಬೇಕು. ಅಂಥ ಕಪ್ಪೆಯನ್ನು ಸಾಕಲಾಗದೆಂದು ಕೆರೆಗೆ ಬಿಡುವುದು ದೊಡ್ಡ ತಪ್ಪು. ಅದರ ರೋಗ ಊರಿನ ಕಪ್ಪೆಗಳಿಗೆಲ್ಲ ಹರಡಬಹುದು.

ಇದೇ ಕಾರಣದಿಂದ ಚೇತರಿಸಿಕೊಂಡ ಕಪ್ಪೆಯನ್ನು ಸಿಕ್ಕಿದ ಜಾಗದಲ್ಲೇ ಬಿಡಬೇಕು. ಕಿರಂಗೂರಿನ ಗದ್ದೆಯ ಕಪ್ಪೆಯನ್ನು ಕೃಷ್ಣರಾಜಪೇಟೆಯ ಕೆರೆಗೆ ಒಯ್ದು ಬಿಡುವುದು ಉಪಕಾರವಲ್ಲ. ಸಂಜೆಯ ಹೊತ್ತು, ಮಳೆ ಹನಿಯುತ್ತಿರುವಾಗ, ರಸ್ತೆಯಿಂದ ದೂರ, ಬದುವಿನ ಹುಲ್ಲಿನಲ್ಲಿ ಬಿಟ್ಟರೆ ಉತ್ತಮ.

ಒಂದು ಕಪ್ಪೆಗೆ ಇಷ್ಟೆಲ್ಲ ಬೇಕೇ ಎಂದು ಕೆಲವರು ಕೇಳಬಹುದು. ಒಂದು ಕಾಲಕ್ಕೆ ನಮ್ಮ ದೇಶದಿಂದ ಕಪ್ಪೆಯ ಕಾಲುಗಳು ಭಾರಿ ಪ್ರಮಾಣದಲ್ಲಿ ವಿದೇಶಕ್ಕೆ ಹೋಗುತ್ತಿದ್ದವು. ಕಪ್ಪೆ ಕಡಿಮೆಯಾದರೆ ಗದ್ದೆಯಲ್ಲಿ ಕೀಟ ಹೆಚ್ಚುತ್ತದೆಂಬ ಆತಂಕ ಬೆಳೆದು, 1987ರಲ್ಲಿ ಸರ್ಕಾರ ಆ ರಫ್ತನ್ನು ನಿಷೇಧಿಸಿತು. ಕೂಲಿಯಿಲ್ಲದೆ ಹುಳು ಹಿಡಿಯುವ ಈ ಜೀವಕ್ಕೆ ನಾವು ಮಾಡಬೇಕಾದ ಉಪಚಾರ ಹೆಚ್ಚೇನಿಲ್ಲ. ಒದ್ದೆ ಬಟ್ಟೆ, ಶುದ್ಧ ನೀರು, ನೆರಳು, ವಿಶ್ರಾಂತಿ. ಇದರಿಂದ ಗುಣವಾಗದಿದ್ದರೆ ವೈದ್ಯರಿದ್ದಾರೆ. ಮಕ್ಕಳು ಕಪ್ಪೆ ತಂದರೆ ಗದರಬೇಡಿರಿ. ಅರಿಸಿನದ ಡಬ್ಬಿಗೆ ಕೈಹಾಕಲೂಬೇಡಿರಿ.